ಶಾಲೆ ಬಿಡುವ ಹತ್ತು ನಿಮಿಷ

ಟವರಮ್ಮನ ಸುದ್ದಿ ಮೂಲೆಮನೆ ಅಜ್ಜಿಯ ಕಿವಿಗೆ ಮೊದಲು ಬಿದ್ದದ್ದು ಬೈಗುಳವಾಗಿ. ಬೈದವಳು ಅದೇ ಬೀದಿಯ ಹೆರಿಗೆ ಆಸ್ಪತ್ರೆಯ ನರ್ಸಮ್ಮ. ಹಿಂದಿನ ದಿನ ನಾಲ್ಕರ ಹೊತ್ತಿಗೆ ಹೆರಿಗೆ ಕಷ್ಟವಾಗಿ ಆಂಬುಲೆನ್ಸಿಗೆ ಏಳು ಸಲ ಫೋನ್ ಹೊಡೆದರೂ ಹೋಗಲಿಲ್ಲವಂತೆ. ಕೊನೆಗೆ ತುಂಬು ಬಸುರಿಯನ್ನು ಆಟೊದಲ್ಲಿ ಮಲಗಿಸಿಕೊಂಡು ಓಡಿದರಂತೆ. ತಾಯಿ, ಮಗು ಉಳಿದದ್ದೇ ಪುಣ್ಯ.

"ಟವರ್ ನೋಡಿಕೊಳ್ಳೋಳು ಅಂತ ಒಬ್ಬಳಿದ್ದಾಳಂತೆ. ಕೈಗೆ ಸಿಗಲಿ, ಇದೆ ಅವಳಿಗೆ," ಅಂತ ನರ್ಸಮ್ಮ ಹಲ್ಲು ಕಡಿದಳು.

ಮೂರನೇ ದಿನ ಆ ಟವರಮ್ಮ ತಾನಾಗಿಯೇ ಸಿಕ್ಕಿದಳು. ಕಡ್ಡಿಯಂಥ ಹುಡುಗಿ, ಅಜ್ಜಿಯ ಮನೆ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ತೊಡೆಗಿಟ್ಟುಕೊಂಡು ಕೂತಿದ್ದಳು. ಯಾವ ಟವರಿಗೆ ಎಷ್ಟು ಫೋನು ಜೋತುಬಿದ್ದಿವೆ ಎಂದು ನೋಡಿ, ನೂಕುನುಗ್ಗಲಾದರೆ ಪಕ್ಕದ ಟವರಿಗೆ ತಿರುಗಿಸುವುದು ಅವಳ ಕೆಲಸ. ಆದರೆ ಆಫೀಸಿನ ಪಟ್ಟಿಯ ಪ್ರಕಾರ ಈ ಬೀದಿಯಲ್ಲಿ ನೂಕುನುಗ್ಗಲೇ ಇಲ್ಲ. ನರ್ಸಮ್ಮನ ದೂರಿನ ಫೈಲು ಮುಚ್ಚು ಅಂದಿದ್ದರಂತೆ ಸಾಹೇಬರು. ಇವಳು ಮುಚ್ಚಿರಲಿಲ್ಲ.

ಅಜ್ಜಿಗೆ ನಗು ಬಂತು. ಗಂಡ ಹೋದಾಗಿನಿಂದ ಅವಳ ಮಧ್ಯಾಹ್ನಗಳೆಲ್ಲ ಕಿಟಕಿಯ ಹತ್ತಿರವೇ. ಎದುರಿನ ಶಾಲೆ ಬಿಡುವಾಗ, ನಾಲ್ಕರ ಹೊತ್ತಿಗೆ, ಹತ್ತೇ ಹತ್ತು ನಿಮಿಷ ಗೇಟಿನ ಮುಂದೆ ಇರುವೆ ಮುತ್ತಿದ ಹಾಗೆ ಜನ, ಎಲ್ಲರ ಕೈಯಲ್ಲೂ ಫೋನು, ಫೋನಲ್ಲಿ ವಿಡಿಯೊ. ಆಮೇಲೆ ಬೀದಿ ಬಿಕೋ ಅನ್ನುತ್ತದೆ ಅಂದಳು.

ಟವರಮ್ಮ ಹಣೆ ಚಚ್ಚಿಕೊಂಡಳು. ಪಟ್ಟಿ ತೆಗೆಯುತ್ತಿದ್ದದ್ದು ಗಂಟೆಗೊಂದು ಸರಾಸರಿ. ಹತ್ತು ನಿಮಿಷದ ಗದ್ದಲ ಉಳಿದ ಐವತ್ತರ ನೆಮ್ಮದಿಯಲ್ಲಿ ಕರಗಿಹೋಗುತ್ತಿತ್ತು.

"ನಮ್ಮ ಕಂಪ್ಯೂಟರಿಗಿಂತ ನಿಮ್ಮ ಕಿಟಕಿ ವಾಸಿ ಅಜ್ಜಿ."

"ಅದಕ್ಕೆ ಸಂಬಳ ಇಲ್ಲವಲ್ಲ, ನೆಟ್ಟಗೆ ಕೆಲಸ ಮಾಡುತ್ತೆ."

ಎಂಟು ದಿನ ಅಲ್ಲೇ ಕೂತು ನಿಮಿಷ ನಿಮಿಷದ ಲೆಕ್ಕ ತೆಗೆದಳು ಹುಡುಗಿ. ಹತ್ತು ನಿಮಿಷಕ್ಕೆ ಇಷ್ಟು ರಾದ್ಧಾಂತವೇ ಅಂತ ಸಾಹೇಬರು ರೇಗಿದರೂ ಜಗ್ಗಲಿಲ್ಲ. "ಹೆರಿಗೆ ನೋವಿಗೆ ಸರಾಸರಿ ಗೊತ್ತಾ ಸಾರ್?" ಅಂತ ಫೋನಿನಲ್ಲಿ ಕೇಳಿದ್ದನ್ನು ಅಜ್ಜಿಯೇ ಕಿವಿಯಾರೆ ಕೇಳಿದಳು. ಅಂತೂ ಒಪ್ಪಿಗೆ ಬಂತು. ಶಾಲೆ ಬಿಡುವ ಹೊತ್ತಿಗೆ ಅರ್ಧ ಫೋನುಗಳನ್ನು ಗೋದಾಮಿನ ಹಿಂದಿನ ಖಾಲಿ ಟವರಿಗೆ ತಿರುಗಿಸಿದಳು. ಮಾತಿನ ಕರೆಗೆ ಮೊದಲ ದಾರಿ, ವಿಡಿಯೊ ನೋಡುವವರು ಸ್ವಲ್ಪ ಕಾಯಲಿ ಅಂತ ಮಾಡಿದಳು. ಮರುದಿನ ಅದೇ ಹೊತ್ತಿಗೆ ನರ್ಸಮ್ಮ ಶಾಲೆ ಗೇಟಿನ ಎದುರೇ ನಿಂತು ಹನ್ನೆರಡು ಸಲ ಫೋನ್ ಹೊಡೆದಳು. ಹನ್ನೆರಡೂ ಹೋದವು.

ವರ್ಷ ತುಂಬುವುದರೊಳಗೆ ಟವರಮ್ಮನಿಗೆ ಬೇರೆ ಊರಿಗೆ ವರ್ಗವಾಯಿತು. ಹೊರಡುವ ಬೆಳಿಗ್ಗೆ ಬಂದಳು. ಸಾಹೇಬರು ಇನ್ನೂ ಗಂಟೆಯ ಪಟ್ಟಿಯನ್ನೇ ನಂಬುವವರು, ತಾನು ಮಾಡಿಟ್ಟದ್ದನ್ನು ಹೊಸಬರು ಯಾವತ್ತು ಬೇಕಾದರೂ ಅಳಿಸಿಹಾಕಬಹುದು ಅಂದಳು. ಆಮೇಲೆ ಅಜ್ಜಿಯ ಕೈ ಹಿಡಿದುಕೊಂಡಳು.

"ದಿನಾ ಶಾಲೆ ಬಿಡೋ ಹೊತ್ತಿಗೆ ನರ್ಸಮ್ಮನಿಗೆ ಒಂದು ಫೋನ್ ಹೊಡೀರಿ. ಹೋಗಲಿಲ್ಲ ಅಂದ್ರೆ ಸೀದಾ ನಮ್ಮ ಆಫೀಸಿಗೆ ನಡೀರಿ ಅಜ್ಜಿ. ಸರಿ ಮಾಡೋ ತನಕ ಕುರ್ಚಿ ಬಿಟ್ಟು ಏಳಬೇಡಿ."