ವಾಸನೆ ಎಂಐಡಿಸಿಯದಲ್ಲ

ಸ್ವಲ್ಪ ತಡೆಯಿರಿ. ಊಟ ಮಾಡುತ್ತಾ ಓದುತ್ತಿದ್ದರೆ ಮೊದಲು ಊಟ ಮುಗಿಸಿ. ನಾನು ಕಾಯುತ್ತೇನೆ.

ಮೊದಲು ಬಂದದ್ದು ವಾಸನೆ. ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಎಂಐಡಿಸಿ ಅನ್ನುವ ಕಾರ್ಖಾನೆ ಪ್ರದೇಶದ ಪಕ್ಕದ ಚಾಳಿನ ವಠಾರದಲ್ಲಿ. ಇಲ್ಲಿ ಮೂಗಿಗೆ ಏನೇ ಬಡಿದರೂ ಕಂಪನಿಯವರು ಗ್ಯಾಸ್ ಬಿಟ್ಟರು ಅಂತ ಬೈದು ಕಿಟಕಿ ಹಾಕಿಕೊಳ್ಳುವುದು ರೂಢಿ. ನಾವೂ ಹಾಗೇ ಮಾಡಿದೆವು. ಮುಚ್ಚಿದಷ್ಟೂ ವಾಸನೆ ಜಾಸ್ತಿಯಾಯಿತು. ಅವ್ವ ಅಗರಬತ್ತಿ ಹಚ್ಚಿದಳು.

ಕೊಳೆಯುತ್ತಿದ್ದದ್ದು ಅಪ್ಪನ ಬೆನ್ನು.

ಭಿವಂಡಿ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ ಅಪ್ಪ ಸ್ಟ್ರೋಕ್ ಆಗಿ ಮಲಗಿದಾಗ, ನೋಡಿಕೊಳ್ಳಲು ಒಬ್ಬಾಕೆಯನ್ನು ಇಟ್ಟಿದ್ದೆವು. ಆರು ತಿಂಗಳ ನರ್ಸಿಂಗ್ ಕೋರ್ಸ್ ಮಾಡಿದ್ದಳಂತೆ. ಬಿಳಿ ಕೋಟು ಹಾಕುತ್ತಿದ್ದಳು, ನಾವು ಸಿಸ್ಟರ್ ಅನ್ನುತ್ತಿದ್ದೆವು. ಬೆನ್ನಿನ ಕೆಳಗೆ ಕೆಂಪಾದಾಗ ಪೌಡರ್ ಹಚ್ಚಿದಳು. ಕಪ್ಪಾದಾಗ ಬಟ್ಟೆ ಮುಚ್ಚಿದಳು. ಅಪ್ಪನ ಮಗ್ಗುಲು ಬದಲಿಸಲೇ ಇಲ್ಲ. ಆಕೆ ರಜೆ ಹಾಕಿದ ದಿನ ಅಕ್ಕ ಅಪ್ಪನನ್ನು ಹೊರಳಿಸಿದಳು. ಬಟ್ಟೆಯ ಜೊತೆ ಚರ್ಮವೂ ಎದ್ದು ಬಂತು.

ಕಲ್ಯಾಣ್ ಆಸ್ಪತ್ರೆಯಲ್ಲಿ ಡಾಕ್ಟರು ಬೆಡ್‌ಸೋರ್ ಅಂದರು, ಮಗ್ಗುಲು ಬದಲಿಸದೆ ಮಲಗಿದ್ದಕ್ಕೆ ಆಗುವ ಹುಣ್ಣು. ಸತ್ತ ಮಾಂಸ ಕತ್ತರಿಸಿ ತೆಗೆದಾಗ ಒಳಗೆ ಎಲುಬು ಕಂಡಿತು. ನಾನು ಹೊರಗೆ ಓಡಿ ವಾಂತಿ ಮಾಡಿಕೊಂಡೆ. ಅಕ್ಕ ಅಲ್ಲೇ ನಿಂತು, ಸ್ಟಾಫ್ ನರ್ಸ್ ಡ್ರೆಸ್ಸಿಂಗ್ ಮಾಡುವುದನ್ನು ಕೊನೆಯತನಕ ನೋಡಿದಳು.

ಮೂವತ್ತಮೂರರ ಅಕ್ಕ ಪ್ಯಾಕಿಂಗ್ ಕಂಪನಿಯಲ್ಲಿ ಸೂಪರ್‌ವೈಸರ್. ಆ ವಾರವೇ ನರ್ಸಿಂಗ್ ಓದುತ್ತೇನೆ ಅಂದಳು. ನಾನು ಮೊಬೈಲಿನಲ್ಲಿ ಎಲ್ಲ ಜಾಲಾಡಿದೆ. ಬಿಎಸ್ಸಿಗೆ ಸೈನ್ಸ್ ಬೇಕು, ಅಕ್ಕನದು ಆರ್ಟ್ಸ್. ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾಕ್ಕೆ ಆರ್ಟ್ಸ್ ನಡೆಯುತ್ತದೆ, ಮೂರು ವರ್ಷ. ಆದರೆ ಸೇರುವಾಗ ವಯಸ್ಸು ಮೂವತ್ತೈದು ದಾಟಿರಬಾರದು. ತಪ್ಪು ಕಡೆ ಸೇರಿ ಸಮಯ ಕಳೆದರೆ ಮುಗಿಯಿತು.

ಅವ್ವನ ತಮ್ಮ, ನಮ್ಮ ಮಾಮ, ಮುಖ ಕಿವುಚಿದ. “ಹೇಲು ಉಚ್ಚಿ ಬಳಿಯಾಕ ಮೂರು ವರ್ಷ ಓದಬೇಕೇನವಾ?”

“ಬಳಿಯಾಕ ಬರದವರ ಕೈಗೆ ಕೊಟ್ಟಿದ್ದಕ್ಕ ಅಪ್ಪನ ಬೆನ್ನು ಕೊಳೀತು, ಮಾಮಾ,” ಅಂದಳು ಅಕ್ಕ.

ಓದುವುದೇ ಆದರೆ ಬೇಗ ಮುಗಿಯುವುದನ್ನು ಓದಲಿ ಎಂಬ ಮಾಮನ ಒತ್ತಾಯಕ್ಕೆ ಠಾಣೆ ಪಟ್ಟಣದ ಒಂದು ನರ್ಸಿಂಗ್ ಇನ್‌ಸ್ಟಿಟ್ಯೂಟಿಗೂ ಹೋದೆವು. ಎಸಿ ರೂಮು, ಗೋಡೆ ತುಂಬ ನಗುವ ನರ್ಸ್‌ಗಳು. ಅಲ್ಲಿಯ ಸರ್ ಉಡುಪಿ ಕಡೆಯವನು. ಆರು ತಿಂಗಳಲ್ಲಿ ಕೆಲಸ ಗ್ಯಾರಂಟಿ ಅಂದ. ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ಸಿಗುತ್ತದೆಯೇ ಅಂತ ಅಕ್ಕ ಕೇಳಿದಳು.

“ಪೇಷಂಟ್ ಅದೆಲ್ಲ ಕೇಳ್ತಾನಾ ಮಾರಾಯ್ರೆ? ಕೋಟ್ ಹಾಕಿದ್ರೆ ಸಿಸ್ಟರ್, ಅಷ್ಟೇ.”

ಹೇಳಿ ನಕ್ಕ.

ಅಪ್ಪನ ಗಾಯ ನೋಡಿದಾಗಲೂ ನನಗೆ ಅಷ್ಟು ವಾಕರಿಕೆ ಬಂದಿರಲಿಲ್ಲ. ಕೀವು ತೊಳೆದರೆ ಹೋಗುತ್ತದೆ. ಇಂಥವರನ್ನು ಯಾವುದರಿಂದ ತೊಳೆಯುವುದು? ಅಕ್ಕ ಎದ್ದಳು. ಅವಳ ಹಿಂದೆಯೇ ಮಾಮನೂ ಎದ್ದ.

ಈಗ ಅಕ್ಕ ನವಿ ಮುಂಬೈ ಕಾಲೇಜಿನಲ್ಲಿ ಜಿಎನ್‌ಎಂ ಮೊದಲ ವರ್ಷ. ಕ್ಲಾಸಿನ ಹುಡುಗಿಯರು ಆಂಟಿ ಅನ್ನುತ್ತಾರಂತೆ. ಅವಳ ಸಂಬಳ ನಿಂತು ಮನೆ ನಡೆಸುವುದು ಕಷ್ಟವಾಗಿದೆ. ಡ್ರೆಸ್ಸಿಂಗ್ ನನ್ನ ಪಾಲಿಗೆ ಬಂದಿದೆ. ಇನ್ನೂ ಹೇಸಿಗೆಯಾಗುತ್ತದೆ, ಸುಳ್ಳು ಹೇಳಲಾರೆ. ಆದರೆ ಗಾಯದ ಅಂಚಿನಿಂದ ಹೊಸ ಮಾಂಸ ಕೆಂಪಗೆ ತುಂಬಿಕೊಳ್ಳುತ್ತಿದೆ. ನೋವಾದರೆ ಅಪ್ಪ ಬೈಯುತ್ತಾನೆ. ಉಳಿದ ಮಾತು ತೊದಲಿದರೂ ಬೈಗುಳ ಸ್ಪಷ್ಟ. ಸದ್ಯಕ್ಕೆ ಅಷ್ಟು ಸಾಕು.

ಮೂವತ್ತು ದಾಟಿದ ಮೇಲೆ ನರ್ಸಿಂಗ್ ಸೇರಿದವರಿದ್ದರೆ, ಹೇಗೆ ನಿಭಾಯಿಸಿದಿರಿ ಬರೆಯಿರಿ. ಅಕ್ಕನಿಗೆ ಓದಿ ಹೇಳುತ್ತೇನೆ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದರೆ ಅದನ್ನೂ ಬರೆಯಿರಿ. ಅದಕ್ಕೆ ಮುಂಚೆ ಎದ್ದು ಹೋಗಿ, ಅವರನ್ನು ಹೊರಳಿಸಿ, ಬೆನ್ನು ನೋಡಿ ಬನ್ನಿ.