ಹೊಗೆ ಗೊತ್ತಿದ್ದ ಗೌಂಡಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ನಮ್ಮ ಚನ್ನಬಸವ್ವ ದೊಡ್ಡವ್ವನನ್ನು ಕೇಳಿದರೆ, ಕಟ್ಟುವುದೇನು ದೊಡ್ಡ ಮಾತಲ್ಲ, ಕಟ್ಟುವವನನ್ನು ಹುಡುಕುವುದೇ ಕಷ್ಟ ಎನ್ನುತ್ತಿದ್ದಳು. ಅವಳ ಗಂಡ ಮಡಿವಾಳಪ್ಪ ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರಿ. ಮೂವತ್ತರ ದಶಕದಲ್ಲಿ, ವ್ಯಾಪಾರ ಕೈಹಿಡಿದ ಒಂದು ವರ್ಷ, ಬೆಂಗೇರಿ ಕಡೆ ಜಾಗ ಹಿಡಿದು ಗೌಂಡಿಗಳನ್ನು ಕರೆಸತೊಡಗಿದ.

ದೊಡ್ಡವ್ವನಿಗೆ ಬೇಕಾದದ್ದು ಹೊಗೆ ತುಂಬದ ಅಡುಗೆಮನೆ, ಅಷ್ಟೇ. ಹಳೆಯ ಮನೆಯ ಕತ್ತಲು ಕೋಣೆಯಲ್ಲಿ ಹತ್ತಿಕಟ್ಟಿಗೆ ಉರಿಸಿ ರೊಟ್ಟಿ ಬಡಿದೂ ಬಡಿದೂ ಅತ್ತೆ ಶಿವಲಿಂಗವ್ವನ ಕಣ್ಣು ಹೋಗಿದ್ದವು. ವೈದ್ಯರು ಏನೇ ಹೇಳಲಿ, ಮನೆಯವರೆಲ್ಲ ಹೊಗೆಯನ್ನೇ ಬೈಯುತ್ತಿದ್ದರು. ಈಗ ಅದೇ ಒಲೆಯ ಮುಂದೆ ಕೂರುವ ದೊಡ್ಡವ್ವನಿಗೂ ಸಂಜೆಯಾದರೆ ದೀಪದ ಸುತ್ತ ಮಬ್ಬು ಕಾಣುತ್ತಿತ್ತು. ಹೆದರಿದ್ದಳು, ಆದರೆ ಯಾರಿಗೂ ಹೇಳಿರಲಿಲ್ಲ.

ಮಡಿವಾಳಪ್ಪನ ಪರೀಕ್ಷೆಯೇ ಬೇರೆ. ಪೇಟೆಯಲ್ಲಿ ಅರಳೆಯನ್ನು ಬೆರಳಲ್ಲಿ ಎಳೆದು ಅದರ ಗುಣ ಹೇಳುವ ಮನುಷ್ಯ. ಗಂಗಪ್ಪ ಎಂಬ ಹೆಸರಾಂತ ಗೌಂಡಿ ಕಟ್ಟಿದ ಮನೆಗಳಿಗೆ ಹೋಗಿ ಗೋಡೆಗಳನ್ನೂ ಹಾಗೇ ಸವರಿ ಬಂದ.

“ಏನ್ ನುಣುಪ ಅಂತಿ! ಬಾಗಲಾ ನೋಡಿದ್ರ ದೇಸಾಯರ ವಾಡೇ ಇದ್ದಂಗ ಐತಿ.”

“ಗ್ವಾಡಿ ಸವರಿದ್ರ ಹೊಗಿ ಗೊತ್ತಾಕ್ಕೈತೇನ್ರಿ? ಅವರು ಬರಲಿ, ನಾ ಒಂದ ಮಾತ ಕೇಳತೇನಿ” ಎಂದಳು ದೊಡ್ಡವ್ವ.

ಗಂಗಪ್ಪ ಬಂದ. ಪಡಸಾಲೆಯಲ್ಲಿ ಕೂತು ಕಂಬ, ಕಮಾನು, ಬಾಗಿಲ ಮೇಲಿನ ಕಮಲದ ಹೂವು ಎಂದು ಕೊಚ್ಚಿಕೊಳ್ಳುತ್ತಿದ್ದಾಗ ಬಾಗಿಲ ಮರೆಯಿಂದ ದೊಡ್ಡವ್ವನ ದನಿ ಬಂತು: “ನಿಮ್ಮ ಮನ್ಯಾಗ ಒಲಿ ಹಚ್ಚಿದ್ರ ಹೊಗಿ ಎಲ್ಲಿ ಹೋಕ್ಕೈತ್ರಿ?”

ಗಂಗಪ್ಪ ನಕ್ಕುಬಿಟ್ಟ. “ಅದು ಹೆಣ್ಣಮಕ್ಕಳ ಮಾತ್ರಿ ಯವ್ವಾ. ನಮ್ಮ ಮನ್ಯಾಗ ಹೊಗೀನ ಇಲ್ರಿ.”

ಆಮೇಲೆ ಬಂದ ಇಬ್ಬರೂ ಅದನ್ನೇ ಹೇಳಿದರು. ಹುಬ್ಬಳ್ಳಿಯ ಗೌಂಡಿಗಳೆಲ್ಲ ಒಲೆ ಹಚ್ಚದೇ ಉಣ್ಣುತ್ತಿದ್ದರೋ ಏನೋ!

ಕೊನೆಗೆ ಬಂದವನು ಯಮನಪ್ಪ, ಮಾತಿನ ಮಲ್ಲ. ಜೊತೆಗೆ ಹೆಂಡತಿ ಕಾಳವ್ವ. ಗಂಡ ಕಟ್ಟುವ ಗೋಡೆಗೆಲ್ಲ ಗಚ್ಚು ಹೊರುವವಳು ಅವಳೇ. ಅದೇ ಪ್ರಶ್ನೆ ಬಂದಾಗ ಯಮನಪ್ಪ ತಲೆ ಕೆರೆದುಕೊಂಡ.

“ಖರೇ ಹೇಳಲೇನ್ರಿ? ನಮ್ಮ ಅಡಗಿಮನ್ಯಾಗ ಕೂಡಾಕ ಆಗೂದಿಲ್ರಿ. ನಾ ಹೊರಗ ಕಟ್ಟಿ ಮ್ಯಾಲ ಕುಂತ ಉಣತೇನಿ.”

“ಕಟ್ಟಾಂವ ಅಂವ, ಒಳಗ ಕುಂತ ಅಳಾಕಿ ನಾನ್ರಿ” ಎಂದಳು ಕಾಳವ್ವ ಅಂಗಳದಿಂದಲೇ.

ದೊಡ್ಡವ್ವ ಮರೆ ಬಿಟ್ಟು ಹೊರಗೇ ಬಂದಳು. “ಇವರಿಗೇ ಕೆಲಸ ಕೊಡ್ರಿ.”

“ತನ್ನ ಮನೀನ ನೆಟ್ಟಗ ಕಟ್ಟಿಕೊಳ್ಳಾರದಾಂವಗ?” ಮಡಿವಾಳಪ್ಪನಿಗೆ ಸಿಟ್ಟು ಬಂತು.

“ಹೊಗಿ ಐತಂತ ಗೊತ್ತಿದ್ದಾಂವ ಇವನೊಬ್ಬನರೀ. ಅಡಗಿಮನಿ ಅಷ್ಟ ಕಾಳವ್ವ ಹೇಳಿದಂಗ ಆಗ್ಲಿ. ಅತ್ತ್ಯಾರ ಕಣ್ಣ ಹೋದೂವು. ನನಗೂ ಮಬ್ಬ ಕಾಣಾಕತ್ತೈತಿ.”

ಮಡಿವಾಳಪ್ಪ ಹೆಂಡತಿಯ ಮುಖವನ್ನೇ ನೋಡಿದ. ಆಮೇಲೆ ಗಂಗಪ್ಪನ ಹೆಸರು ಎತ್ತಲಿಲ್ಲ.

ಅಡುಗೆಮನೆಗೆ ಚಾವಣಿ ಹಾಕಿದ ದಿನ ಕಾಳವ್ವ ಗಂಡನನ್ನು ಒಳಗೆ ಕೂರಿಸಿ ಹಸಿ ಹತ್ತಿಕಟ್ಟಿಗೆಗೆ ಬೆಂಕಿ ಹಚ್ಚಿದಳು. ಯಮನಪ್ಪ ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಓಡಿ ಬಂದ. “ಎಲ್ಲಿಗೆ ಹೊಂಟ್ರಿ? ರೊಟ್ಟಿ ಇನ್ನೂ ಬಡದಿಲ್ಲ!” ಎಂದಳು. ಅವನು ಗೋಡೆ ಒಡೆದು ಕಿಂಡಿ ದೊಡ್ಡದು ಮಾಡಿದ, ಒಲೆಯ ಮೇಲೆ ಹೊಗೆಗೂಡು ಏರಿಸಿದ. ಮತ್ತೆ ಬೆಂಕಿ, ಮತ್ತೆ ಕೆಮ್ಮು, ಮತ್ತೆ ಒಡೆಯುವುದು. ಹೊಸ ಗೋಡೆ ಬಿದ್ದಾಗಲೆಲ್ಲ ಮಡಿವಾಳಪ್ಪ ಮತ್ತೆ ಗಚ್ಚಿಗೆ ದುಡ್ಡು ಎಣಿಸಿ ಕೊಟ್ಟ. ಆ ದೊಡ್ಡಪ್ಪನ ಮೇಲೆ ನನಗೆ ಪ್ರೀತಿ ಹುಟ್ಟುವುದು ಅದಕ್ಕೇ.

ಗೃಹಪ್ರವೇಶದ ಬೆಳಿಗ್ಗೆ ದೊಡ್ಡವ್ವ ಅತ್ತೆಯನ್ನು ಕೈಹಿಡಿದು ತಂದು ಹೊಸ ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂರಿಸಿದಳು. ಒಲೆ ಹಚ್ಚಿ ಹಾಲಿಟ್ಟಳು. ಬಂದವರೆಲ್ಲ ಗದ್ದಲ ಮಾಡುತ್ತ ಬಾಗಿಲಲ್ಲಿ ನಿಂತಿದ್ದರು. ಶಿವಲಿಂಗವ್ವ ಸ್ವಲ್ಪ ಹೊತ್ತು ಕಾದಳು, ಆಮೇಲೆ ಗದರಿದಳು.

“ಚನ್ನೀ, ಮುಹೂರ್ತ ಮೀರಾಕತ್ತೈತಿ. ಲಗೂನ ಒಲಿ ಹಚ್ಚ.”

ದೊಡ್ಡವ್ವನಿಗೆ ಅಳು ತಡೆಯಲಾಗಲಿಲ್ಲ. ಅತ್ತೆಯ ಕೈ ಹಿಡಿದು ಮೆಲ್ಲಗೆ ಒಲೆಯ ಕಾವಿನ ಹತ್ತಿರ ತಂದಳು.

“ಆಗಲೇ ಹಚ್ಚೇನ್ರಿ ಅತ್ತ್ಯಾರ. ಹಾಲು ಉಕ್ಕಾಕತ್ತೈತಿ.”