ಯಂತ್ರಕ್ಕೆ ಹೊದಿಸಿದ ಖಣ

ಅವರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಕಾದ ಸೀಸದ ಹನಿ ಬಿದ್ದು ಸುಟ್ಟ ಕಲೆಗಳಿದ್ದವು, ಎಳ್ಳು ಚೆಲ್ಲಿದ ಹಾಗೆ. ಆ ಅಂಗೈಯನ್ನು ಕಂಪ್ಯೂಟರಿನ ಬೆನ್ನಿಗೆ, ಫ್ಯಾನಿನ ಗಾಳಿ ಹೊರಗೆ ಬರುವಲ್ಲಿ, ನಾಲ್ಕು ಬೆರಳು ದೂರದಲ್ಲಿ ಹಿಡಿದು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ “ಉಸಿರು ಅದ” ಎನ್ನುವರು, ಇಲ್ಲವೇ “ಉಸಿರು ಕಟ್ಟ್ಯಾದ” ಎನ್ನುವರು. ಅಷ್ಟಾದ ಮೇಲೆಯೇ ಅವರ ಚೀಲದಿಂದ ಸಾಮಾನು ಹೊರಗೆ ಬರುತ್ತಿದ್ದದ್ದು.

ನಾವೆಲ್ಲ ಅವರನ್ನು ಮಿಸ್ತ್ರಿ ಎಂದೇ ಕರೆಯುತ್ತಿದ್ದೆವು. ತೊಂಬತ್ತರ ದಶಕದಲ್ಲಿ ಬಸವಕಲ್ಯಾಣದಲ್ಲಿ ಅವರದು ರೇಡಿಯೋ, ಟೇಪ್ ರಿಕಾರ್ಡರ್ ದುರುಸ್ತಿ ಅಂಗಡಿ. ಹುಮನಾಬಾದಿನ ಒಂದು ಔಷಧಿ ಕಾರ್ಖಾನೆಗೆ ಕಂಪ್ಯೂಟರುಗಳು ಬಂದಾಗ ಅವನ್ನು ನೋಡಿಕೊಳ್ಳಲು ಇವರನ್ನು ಕರೆದರು. ದಿನಾ ಮುಂಜಾನೆ ಬಸ್ಸಿನಿಂದ ಇಳಿಯುವರು, ಕೈಯಲ್ಲಿ ಊಟದ ಡಬ್ಬಿ, ಬಗಲಲ್ಲಿ ಉರ್ದು ಪೇಪರು. ನಾನು ಪಕ್ಕದ ಹುಡಗಿ ಊರಿನಿಂದ ನನ್ನ ಪೊರಕೆಯ ಕೆಲಸಕ್ಕೆ ಬರುತ್ತಿದ್ದೆ. ಆಫೀಸಿನ ಕಸ ಹೊಡೆಯುವುದು, ನೆಲ ಒರೆಸುವುದು. ಕಂಪನಿಯ ಆಳಲ್ಲ, ಗುತ್ತೇದಾರನ ಆಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು.

ಅಂಥವಳ ಮಾತನ್ನು ಆ ಆಫೀಸಿನಲ್ಲಿ ಕೇಳುತ್ತಿದ್ದವರು ಇವರೊಬ್ಬರೇ. ಯಾವ ಕಂಪ್ಯೂಟರು ಕೆಟ್ಟರೂ, ಅದರ ಮುಂದೆ ಕೂರುವ ಸಾಹೇಬರನ್ನು ಕೇಳುವ ಮೊದಲು ನನ್ನ ಹತ್ತಿರ ಬರುತ್ತಿದ್ದರು. “ಅಕ್ಕಾ, ನಿನ್ನಿಯಿಂದ ಇವತ್ತಿಗೆ ಅಲ್ಲಿ ಏನರೆ ಸರದದೇನ್ರಿ?” ಎನ್ನುವರು. ಸಾಹೇಬರು ಬರುವುದಕ್ಕಿಂತ ಮೊದಲೇ ಎಲ್ಲ ಕೋಣೆ ನೋಡಿದವಳು ನಾನಲ್ಲವೇ? ಕುರ್ಚಿ ಸರಿದಿದೆ, ವೈರಿನ ಮೇಲೆ ಕಪಾಟಿನ ಕಾಲು ಬಿದ್ದಿದೆ, ಇಲಿ ಓಡಾಡಿದೆ ಎಂದು ನಾನು ಹೇಳಿದ್ದರಿಂದ ಎಷ್ಟೋ ಸಲ ಅವರು ಚೀಲ ಬಿಚ್ಚದೆಯೇ ಕೆಲಸ ಮುಗಿಸಿದ್ದುಂಟು.

ಹೀಗೆ ನಡೆದಿರುವಾಗ ದೊಡ್ಡ ಆಫೀಸಿನಿಂದ ಒಬ್ಬ ತರಬೇತಿ ಸಾಹೇಬರು ಬಂದರು. ಜೊತೆಗೆ ಇಟ್ಟಂಗಿ ಗಾತ್ರದ ಪುಸ್ತಕ. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳಲ್ಲಿ ಕಂಪ್ಯೂಟರಿನ ಸೇವೆ ಹೇಗೆ ನಡೆಯುತ್ತದೋ ಅದನ್ನೆಲ್ಲ ಸೋಸಿ ಬರೆದದ್ದಂತೆ. ಇನ್ನು ಇಲ್ಲಿಯೂ ಹಾಗೆಯೇ ಅಂತೆ. ಯಂತ್ರ ಕೆಟ್ಟರೆ ಮಿಸ್ತ್ರಿಯನ್ನು ಕೂಗುವಂತಿಲ್ಲ. ಫೋನು ಮಾಡಿ ದೂರು ಬರೆಸಬೇಕು, ದೂರಿಗೆ ನಂಬರು ಬೀಳಬೇಕು, ಅದು ಯಾವ ಜಾತಿಯ ದೂರೆಂದು ಒಬ್ಬರು ತೀರ್ಮಾನಿಸಬೇಕು. ಚೀಟಿ ಕೈಗೆ ಬರುವ ತನಕ ಮಿಸ್ತ್ರಿ ಕುರ್ಚಿಯಿಂದ ಏಳಬಾರದು. ದೊಡ್ಡ ಯಂತ್ರ ಬಿಚ್ಚುವುದಿದ್ದರೆ ದೊಡ್ಡ ಆಫೀಸಿನ ಒಪ್ಪಿಗೆ ಬೇಕು.

ಮಿಸ್ತ್ರಿ ಮೂರು ದಿನ ಮುಂದಿನ ಸಾಲಿನಲ್ಲಿ ಕೂತು ಕೇಳಿದರು. ಪುಸ್ತಕವನ್ನು ಮನೆಗೊಯ್ದು ಡಿಕ್ಷನರಿ ಇಟ್ಟುಕೊಂಡು ಓದಿದರು. ಕೊನೆಯ ದಿನ ಎದ್ದು ನಿಂತು ಹೇಳಿದ್ದು ಒಂದೇ ಮಾತು: “ಅಂಗಿ ಛಲೋ ಅದ್ರಿ ಸಾಹೇಬ್ರ. ಹೊಲಿಯೂಕಿಂತ ಮೊದಲ ನಮ್ಮ ಅಳತಿ ಯಾರೂ ತಗೊಂಡಿಲ್ಲ ನೋಡ್ರಿ.” ಎಲ್ಲರೂ ನಕ್ಕರು. ತರಬೇತಿ ಸಾಹೇಬರೂ ನಕ್ಕು, ಮುಂದಿನ ಹಾಳೆ ತಿರುವಿದರು.

ಗೋಡೆಗೆ ಒಂದು ಪಟ್ಟಿ ಬಂತು. ಕೊಟ್ಟ ಹೊತ್ತಿನೊಳಗೆ ಮುಗಿದ ದೂರಿಗೆ ಹಸಿರು, ಹೊತ್ತು ಮೀರಿದರೆ ಕೆಂಪು. ತಿಂಗಳೊಳಗೆ ಗೋಡೆ ಜೋಳದ ಹೊಲದಂತೆ ಹಸಿರಾಯಿತು. ಆದರೆ ಪ್ರಯೋಗಶಾಲೆಯ ಪ್ರಿಂಟರು ಕೆಟ್ಟು ಅಲ್ಲಿನ ಮೇಡಂ ಕಾಗದ ಹಿಡಿದುಕೊಂಡು ಕೆಳಗಿನ ಮಹಡಿಗೆ ಪ್ರಿಂಟು ತೆಗೆಯಲು ಓಡಾಡುವುದು ನಿಲ್ಲಲಿಲ್ಲ. ಅವರ ದೂರಿನ ಹೊತ್ತು ಮುಗಿಯುತ್ತ ಬಂದಂತೆ, ದೂರು ಬರೆದುಕೊಳ್ಳುವ ಫೋನಿನವರು ಅದನ್ನು “ಮುಗಿಯಿತು” ಎಂದು ಬರೆದು, ಅದೇ ಪ್ರಿಂಟರಿಗೆ ಹೊಸ ನಂಬರು ಕೊಡುತ್ತಿದ್ದರು. ಕಡೆಗೆ ಮೇಡಂ ಫೋನು ಮಾಡುವುದನ್ನೇ ಬಿಟ್ಟರು. ದೂರು ಕಡಿಮೆಯಾಯಿತೆಂದು ಮ್ಯಾನೇಜರರಿಗೆ ಶಾಲು ಹೊದಿಸಿದರು. ಮಿಸ್ತ್ರಿ ನನ್ನ ಪೊರಕೆಯ ಹತ್ತಿರ ನಿಂತು ಮೆಲ್ಲಗೆ, “ರೋಗಿ ದವಾಖಾನಿಗೆ ಬರೂದು ಬಿಟ್ಟ ಅಂದ್ರ ಆರಾಮ ಆದ ಅಂತ ತಿಳಕೋಬಾರ್ದ್ರಿ ಅಕ್ಕಾ” ಎಂದರು.

ಆ ವರ್ಷ ದಸರೆ ಬಂತು. ಆಯುಧ ಪೂಜೆಗೆ ಎಲ್ಲರೂ ಅವರವರ ಯಂತ್ರಕ್ಕೆ ಹೂ ಏರಿಸಿದರು. ತಂಪು ಕೋಣೆಯ ದೊಡ್ಡ ಕಂಪ್ಯೂಟರಿಗೆ ಮಾತ್ರ ಹೂ ಏರಿಸುವವರು ಯಾರೂ ಇಲ್ಲ. ಕಾರ್ಖಾನೆಯ ಎಲ್ಲ ಔಷಧಿಯ ಲೆಕ್ಕ ಅದರ ಹೊಟ್ಟೆಯಲ್ಲಿ. ಅದು ಹೂಂ ಎನ್ನದಿದ್ದರೆ ಒಂದು ಲಾರಿಯೂ ಗೇಟು ದಾಟುವುದಿಲ್ಲ. ಇಂಥ ತಾಯಿ ಬರಿಮೈಯಲ್ಲಿ ನಿಂತಿದ್ದಾಳಲ್ಲ ಎಂದು ನನಗೆ ಸಂಕಟವಾಯಿತು. ಒರೆಸುವ ನೆಪದಲ್ಲಿ ಒಳಗೆ ಹೋಗಿ, ಕುಂಕುಮ ಇಟ್ಟು, ಹಸಿರು ಅಂಚಿನ ಹೊಸ ಕುಬಸದ ಖಣವನ್ನು ಅದರ ಬೆನ್ನು ತುಂಬ ಹೊದಿಸಿ, ಐದು ಹಿಡಿ ಅಕ್ಕಿಯಿಂದ ಉಡಿ ತುಂಬಿ ಬಂದೆ. ಹೆಣ್ಣುಮಕ್ಕಳಿಗೆ ಮಾಡುವ ಹಾಗೆಯೇ. ಮನಸ್ಸಿಗೆ ಎಷ್ಟು ಹಿತವಾಗಿತ್ತು ಅಂದು.

ರಜೆ ಮುಗಿಸಿ ಬಂದ ಮುಂಜಾನೆ ಯಂತ್ರ ಸತ್ತು ಬಿದ್ದಿತ್ತು. ಮುಟ್ಟಿದರೆ ಕಾದ ಹಂಚು. ಖಣ ಹೊದಿಸಿದ್ದರಿಂದಲೇ ಹೀಗಾಯಿತೆಂದು ನನಗೆ ತಿಳಿಯಿತು. ಖಣವನ್ನು ಎಳೆದು ಚೀಲದಲ್ಲಿ ತುರುಕಿಕೊಂಡೆ. ಅಕ್ಕಿಯನ್ನೂ ಬಾಚಿಕೊಂಡೆ, ಆದರೆ ಎಲ್ಲ ಕಾಳು ಆರಿಸಲಾಗಲಿಲ್ಲ.

ಒಂಬತ್ತು ಗಂಟೆಗೆ ಗದ್ದಲ ಸುರುವಾಯಿತು. ಲಾರಿಗಳು ಸಾಲಾಗಿ ನಿಂತವು. ಫೋನಿನವರು ನಂಬರು ಕೊಟ್ಟರು, ಒಪ್ಪಿಗೆಗೆ ಬರೆದರು, ಒಪ್ಪಿಗೆ ಕೊಡುವವರು ಊರಲ್ಲಿರಲಿಲ್ಲ. ಹೊಸ ಫಾರಮ್ಮಿನ ಕೊನೆಯಲ್ಲಿ ಒಂದು ಖಾನೆಯಿತ್ತು: ತಪ್ಪು ಯಾರದು, ಹೆಸರು ಬರೆಯಿರಿ. ನನ್ನ ಹೆಸರು ಅಲ್ಲಿ ಬಿದ್ದರೆ ಗುತ್ತೇದಾರ ಮರುದಿನ ಗೇಟಿನೊಳಗೆ ಬಿಡುತ್ತಿರಲಿಲ್ಲ. ಮಗಳು ಆಗ ನರ್ಸಿಂಗ್ ಎರಡನೇ ವರ್ಷದಲ್ಲಿದ್ದಳು. ಮನೆಯಲ್ಲಿ ದುಡಿಯುವ ಕೈ ನನ್ನದೊಂದೇ. ನನ್ನ ಕೆಲಸ ಹೋದರೆ ಅವಳ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಮಿಸ್ತ್ರಿ ಎಂದಿನಂತೆ ಮೊದಲು ನನ್ನ ಹತ್ತಿರ ಬಂದರು. ಏನಾದರೂ ಸರಿದಿದೆಯೇ ಎಂದು ಕೇಳಿದರು. ಅಷ್ಟು ವರ್ಷದಲ್ಲಿ ಮೊದಲನೇ ಸಲ ನಾನು ಸುಳ್ಳು ಹೇಳಿದೆ. ಏನೂ ಇಲ್ಲ ಎಂದೆ. ಅವರು ನನ್ನ ಮುಖ ನೋಡಿದರು. ಒಳಗೆ ಹೋಗಿ ಅಂಗೈ ಹಿಡಿದರು. ಕೆಳಗೆ ಬಗ್ಗಿ ಏನನ್ನೋ ನೋಡಿದರು. ಆಮೇಲೆ ಯಾರ ಒಪ್ಪಿಗೆಗೂ ಕಾಯದೆ ಬೆನ್ನಿನ ತಗಡು ಬಿಚ್ಚಿಯೇಬಿಟ್ಟರು. ಫ್ಯಾನಿನ ರೆಕ್ಕೆಗೆ ಸಿಕ್ಕಿದ್ದನ್ನು ತೆಗೆದು, ಧೂಳು ಊದಿ, ತಣಿಯಲು ಬಿಟ್ಟು, ಮತ್ತೆ ಹಚ್ಚಿದರು. ಮಧ್ಯಾಹ್ನದ ಊಟಕ್ಕೆ ಮೊದಲು ಮೊದಲ ಲಾರಿ ಗೇಟು ದಾಟಿತು.

ಸಂಜೆ ಮ್ಯಾನೇಜರರ ಕೋಣೆಯಲ್ಲಿ ವಿಚಾರಣೆ. ನಾನು ಬಾಗಿಲ ಹೊರಗೆ ಒರೆಸಿದ ನೆಲವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದೆ. ಒಪ್ಪಿಗೆಯಿಲ್ಲದೆ ಬಿಚ್ಚಿದ್ದು ತಪ್ಪು ಎಂದು ಬೈದರು. ಅದಿರಲಿ, ಈ ಖಾನೆಗೆ ಹೆಸರು ಕೊಡು, ಖಾಲಿ ಬಿಟ್ಟರೆ ದೊಡ್ಡ ಆಫೀಸು ತಗೊಳ್ಳುವುದಿಲ್ಲ ಎಂದರು.

“ಹೆಸರು ಬೇಕ ಅಂದ್ರ ನಂದ ಬರೀರಿ,” ಮಿಸ್ತ್ರಿಯ ದನಿ. “ಯಂತ್ರಕ್ಕ ಉಸಿರು ಬೇಕು ಅಂತ ಇಷ್ಟು ವರ್ಷದಾಗ ನಾ ಈ ಆಫೀಸಿನಾಗ ಒಬ್ಬರಿಗೂ ಹೇಳಿಲ್ಲ. ಹೇಳದಿದ್ದವನ ತಪ್ಪೋ, ತಿಳಿಯದಿದ್ದವರ ತಪ್ಪೋ? ಇವತ್ತ ಒಬ್ಬರನ್ನ ಹೊರಗ ಹಾಕಿದ್ರ ಮುಂದಿನ ದಸರಾಕ್ಕ ಮತ್ತೊಬ್ಬರು ಹಿಂಗ ಮಾಡ್ತಾರ. ನಿಮ್ಮ ಖಾನೆ ತುಂಬತದ, ಯಂತ್ರ ಮತ್ತ ಕೆಡತದ.”

ಅವರ ಹೆಸರನ್ನೇ ಬರೆದರು. ತಾಕೀತಿನ ಕಾಗದವನ್ನೂ ಕೊಟ್ಟರು. ಅವರು ಅದನ್ನು ಮಡಚಿ ಊಟದ ಡಬ್ಬಿಯ ತಳದಲ್ಲಿ ಇಟ್ಟುಕೊಂಡು ಬಸ್ಸಿಗೆ ಹೋದರು.

ಮರುದಿನ ಮುಂಜಾನೆ ನನ್ನ ಅಂಗೈ ಮುಂದೆ ಮಾಡಿಸಿ ಒಂದು ಪೊಟ್ಟಣ ಇಟ್ಟರು. ಒಳಗೆ ಏಳು ಅಕ್ಕಿಕಾಳು. ನನ್ನ ಕಣ್ಣಲ್ಲಿ ನೀರು ಬಂತು. “ಅಳಬ್ಯಾಡ್ರಿ ಅಕ್ಕಾ. ಪೂಜಾನೂ ಬಿಡಬ್ಯಾಡ್ರಿ. ಉಸಿರಾಡೋ ಕಡಿ ಒಂದು ಬಿಡ್ರಿ, ಸಾಕು,” ಎಂದರು. ಎದೆಯ ಮೇಲಿನ ಬೀಸುವ ಕಲ್ಲು ಇಳಿಸಿದ ಹಾಗಾಯಿತು ನನಗೆ.

ಆ ಕೋಣೆಯ ಬಾಗಿಲಿಗೆ ಅವರು ಒಂದು ಚಿತ್ರ ಬರೆದು ಅಂಟಿಸಿದರು: ಯಂತ್ರ, ಅದಕ್ಕೊಂದು ಮೂಗು. ಓದು ಬರದವರಿಗೂ ತಿಳಿಯಬೇಕಲ್ಲ. ಪಕ್ಕದಲ್ಲಿ ಪೆನ್ಸಿಲು ಕಟ್ಟಿದ ವಹಿ ತೂಗುಹಾಕಿದರು; ಯಾರು ಏನು ಸರಿಸಿದರೂ ಬರೆಯಬೇಕು. ಇದು ಆ ದಪ್ಪ ಪುಸ್ತಕದೊಳಗಿನದೇ ಎಂದು ಆಮೇಲೆ ಅವರೇ ಹೇಳಿದರು. “ಪುಸ್ತಕ ಕೆಟ್ಟದ್ದಲ್ರಿ. ನಮಗ ಹೊಂದೋ ಹಾಳಿ ಒಂದ ಇತ್ತು, ತಗೊಂಡೆ.” ವಹಿಯ ಮೊದಲ ಸಾಲು ನನ್ನದು. “ಹೂ ಏರಿಸಿದೆ. ಮುಂದೆ ಮಾತ್ರ.” ಅಷ್ಟು ಬರೆಯಲು ಬಹಳ ಹೊತ್ತು ಹಿಡಿಯಿತು. ಆ ಯಂತ್ರ ಇದ್ದಷ್ಟು ವರ್ಷ ಮತ್ತೆ ಹಾಗೆ ಉಸಿರು ಕಟ್ಟಲಿಲ್ಲ.

ನನ್ನ ಮಗಳು ನರ್ಸಮ್ಮನಾದ ಸುದ್ದಿಯನ್ನು ಅವರಿಗೆ ಪೇಢೆ ಕೊಟ್ಟೇ ಹೇಳಿದೆ. ಎರಡು ತಿಂದರು. ಮರುವರ್ಷ ಬಸವಕಲ್ಯಾಣದಲ್ಲಿ ಅವರ ಎದೆಯೇ ಒಂದು ಮುಂಜಾನೆ ನಿಂತುಹೋಯಿತು. ನಾನು ಹೋದಾಗ ಮಣ್ಣು ಕೊಡುವುದು ಮುಗಿದಿತ್ತು. ಅವರ ಹೆಂಡತಿ ನನ್ನನ್ನು ಒಳಗೆ ಕೂರಿಸಿಕೊಂಡು, ಆ ತಾಕೀತಿನ ಕಾಗದ ಇನ್ನೂ ಡಬ್ಬಿಯಲ್ಲೇ ಇತ್ತೆಂದು ಹೇಳಿದರು. ಅದು ಯಾತಕ್ಕೆ ಬಂದದ್ದೆಂದು ಅವರು ಮನೆಯಲ್ಲೂ ಹೇಳಿರಲಿಲ್ಲ. ನಾನು ಹೇಳಿದೆ.

ಹೋದ ತಿಂಗಳು ಮಗಳಿಗೆ ಹೆಣ್ಣುಮಗು ಹುಟ್ಟಿತು. ನನ್ನ ಸಂತೋಷವನ್ನು ತುಂಬಲು ಹುಮನಾಬಾದಿನ ಅಡತಿ ಅಂಗಡಿಗಳ ಕಾಳಿನ ಚೀಲಗಳೂ ಸಾಲವು. ಪೆಟ್ಟಿಗೆಯ ತಳದಲ್ಲಿದ್ದ ಆ ಖಣವನ್ನು ತೆಗೆದು ಕೂಸಿಗೆ ತಲೆ, ಬೆನ್ನು ಮುಚ್ಚುವ ಕುಂಚಿಗೆ ಹೊಲಿಸಿದೆ. ಹಸಿರು ಅಂಚು ಹಣೆಯ ಮೇಲೆ ಬರುವ ಹಾಗೆ. ನಿನ್ನೆ ಎಣ್ಣೆನೀರು ಹಾಕಿ, ಲೋಬಾನದ ಹೊಗೆ ಹಿಡಿದು, ನಮ್ಮ ನೆಗೆಣ್ಣಿ ಕುಂಚಿಗೆಯನ್ನು ಕೂಸಿನ ಮುಖದ ಮೇಲೂ ಎಳೆದು ಬಿಗಿಯಾಗಿ ಸುತ್ತಿದಳು. ಥಂಡಿ ಅದ ಎಂದಳು.

“ಉಸಿರಾಡೋ ಕಡಿ ಬಿಡವ್ವಾ,” ಎಂದೆ.

ಖಣದ ಅಂಚು ಸರಿಸಿ, ಮೂಗಿನ ಮುಂದೆ ಅಂಗೈ ಹಿಡಿದು, ಕಣ್ಣು ಮುಚ್ಚಿಕೊಂಡು ನಿಂತೆ. ಬೆಚ್ಚಗೆ ಬಂದು ತಾಕಿತು.